ಮಾಯಪ್ಪ ಆಡಿದ ಮಾತು

೧೯೫೭ರ ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ, ಬೆಳಗಾವಿಯ ಕ್ಯಾಂಪ್ ಎಂಬ ದಂಡುಪ್ರದೇಶದ ಮೈದಾನದಲ್ಲಿ, ಪಲ್ಟನ್ನಿನ ಫುಟ್‌ಬಾಲ್ ತಂಡವನ್ನು ನಾವು ಒಂದು ಗೋಲಿನಿಂದ ಸೋಲಿಸಿದೆವು. ಅವರಲ್ಲಿ ಹನ್ನೊಂದು ಮಂದಿಗೂ ಬೂಟುಗಳಿದ್ದವು. ನಮ್ಮಲ್ಲಿ ನಾಲ್ವರಿಗೆ ಮಾತ್ರ. ಉಳಿದವರು ಕಾಲಿನ ಗಿಣ್ಣಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲಿ ಆಡಿದರು. ಮೈದಾನದ ಸುತ್ತ ನೆರೆದಿದ್ದವರಲ್ಲಿ ನಾವು ಗೆಲ್ಲುತ್ತೇವೆಂದು ನಂಬಿದವನು ಒಬ್ಬನೂ ಇರಲಿಲ್ಲ. ನಾಯಕನಾಗಿದ್ದ ನಾನೂ ಆ ನಂಬದವರ ಪೈಕಿಯೇ.

ನಮ್ಮ ಗೋಲ್‌ಕೀಪರ್ ಮಾಯಪ್ಪ ಖಾನಾಪುರದ ಕಡೆಯ ಕುರುಬರ ಹುಡುಗ. ಓಡುವ ಕುರಿಮರಿಯನ್ನು ತಾನು ನೆಲಕ್ಕೆ ಬೀಳುತ್ತಲೇ ಹಿಡಿದೆತ್ತಿಕೊಳ್ಳುವ ಚಾತುರ್ಯ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಚೆಂಡನ್ನೂ ಹಾಗೆಯೇ ಹಿಡಿಯುತ್ತಿದ್ದ. ಆಟ ಮೊದಲಾಗಿ ಇಪ್ಪತ್ತು ನಿಮಿಷಗಳಾಗಿದ್ದವೋ ಇಲ್ಲವೋ, ಎದುರಾಳಿಯೊಬ್ಬನ ಕಾಲಿಗೆ ಅಡ್ಡವಾಗಿ ಹಾರಿ ಬಿದ್ದು ಮಾಯಪ್ಪನ ಎಡತೋಳು ಭುಜದ ಬಳಿ ಮುರಿಯಿತು. ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ನಿಯಮ ಆ ಕಾಲದಲ್ಲಿ ಇರಲಿಲ್ಲ. ಮಾಯಪ್ಪ ಮೈದಾನ ಬಿಟ್ಟು ಹೋಗಲಿಲ್ಲ. ಒಂದೇ ಕೈಯಲ್ಲಿ ಮೂರು ಚೆಂಡುಗಳನ್ನು ತಡೆದ. ಆಟ ಮುಗಿಯಲು ನಾಲ್ಕು ನಿಮಿಷವಿರುವಾಗ ನನ್ನ ತಲೆಗೆ ತಾಗಿದ ಚೆಂಡು ಅವರ ಬಲೆಯನ್ನು ಸೇರಿತು.

ಮುಂದೆ ನಾನು ಖಾನಾಪುರದ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಜೆಯ ಹೊತ್ತು ಫುಟ್‌ಬಾಲನ್ನೂ ಕಲಿಸುತ್ತ ಮೂವತ್ತು ವರ್ಷ ಕಳೆದೆ. ಪ್ರತಿ ವರ್ಷದ ಹೊಸ ತಂಡಕ್ಕೂ ಈ ಕಥೆಯನ್ನು ಹೇಳುತ್ತಿದ್ದೆ. ನಾನು ಹೇಳುವಾಗ ಮಕ್ಕಳು ಉಸಿರಾಡುತ್ತಿರಲಿಲ್ಲ ಎಂದರೆ ಅದು ಆತ್ಮಪ್ರಶಂಸೆಯಲ್ಲ. ಆ ಶಾಲೆಯಲ್ಲಿ ಓದಿದವರನ್ನು ಯಾರಾದರೂ ಕೇಳಬಹುದು. ಕಥೆಯ ಕೊನೆಗೆ, "ಆಟಗಾರನ ಎಲುಬು ಮುರೀತೈತಿ, ಛಲ ಮುರಿಯೂದಿಲ್ಲ" ಎಂಬ ಒಂದು ಮಾತನ್ನು ಸೇರಿಸುತ್ತಿದ್ದೆ.

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದವರಲ್ಲಿ ಬೀರೇಶನೂ ಒಬ್ಬ. ನನ್ನ ಶಿಷ್ಯರಲ್ಲಿ ಫುಟ್‌ಬಾಲನ್ನೇ ಜೀವನೋಪಾಯ ಮಾಡಿಕೊಂಡ ಮೊದಲಿಗ ಅವನು. ಬೆಳಗಾವಿಯ ಕ್ಲಬ್ಬೊಂದು ಅವನನ್ನು ಕರಾರಿನ ಮೇಲೆ ತೆಗೆದುಕೊಂಡು, ಆಮೇಲೆ ನಾಯಕನನ್ನಾಗಿಯೂ ಮಾಡಿತ್ತು. ೨೦೦೦ದ ಅಕ್ಟೋಬರ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಅವನ ವಯಸ್ಸು ಆಗ ಮೂವತ್ತೆರಡು. ಆಟಗಾರರೆಲ್ಲ ಕೂಡಿ ಸಂಘ ಕಟ್ಟುತ್ತಿದ್ದಾರೆ, ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಲಿದ್ದಾರೆ ಎಂಬ ಸುದ್ದಿ ಅವನಿಗಿಂತ ಮೊದಲೇ ನಮ್ಮ ಮನೆ ತಲುಪಿತ್ತು.

"ಏನಪಾ, ಅಧ್ಯಕ್ಷರು ಬಂದ್ರ ಕೊರಳಾಗ ಹಾರ ಕಾಣವಲ್ದು?" ಎಂದು ನನ್ನ ಹೆಂಡತಿ ಶಿವಬಸವ್ವ ಚಹಾ ಕೊಡುತ್ತ ಕೆಣಕಿದಳು.

"ಹಾರ ಇನ್ನಾ ದೂರ ಐತ್ರಿ ಅವ್ವಾರ. ಸದ್ಯಕ್ಕ ಬರೇ ಕೊರಳು ಮುಂದ ಮಾಡೇನಿ" ಎಂದ ಬೀರೇಶ.

ಅವಳು ನಕ್ಕು ಒಳಗೆ ಹೋದಳು. ಅವನು ನಗಲಿಲ್ಲ.

ಅವನು ಬಂದದ್ದು ಒಂದು ಮನವಿಪತ್ರ ಬರೆಸುವುದಕ್ಕಾಗಿ. ಅವನದೇ ಊರಿನ, ಅವನದೇ ತಂಡದ, ಇಪ್ಪತ್ತೆರಡು ವರ್ಷದ ಲಕ್ಷ್ಮಣ ಸೆಪ್ಟೆಂಬರಿನ ಪಂದ್ಯವೊಂದರಲ್ಲಿ ಮೊಣಕಾಲು ಮುರಿದುಕೊಂಡಿದ್ದ. ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಒಂದು ಶಸ್ತ್ರಚಿಕಿತ್ಸೆ ಆಗಿತ್ತು. ತಿಂಗಳೊಳಗೆ ಇನ್ನೊಂದು ಆಗದಿದ್ದರೆ ಕಾಲು ಮಡಚಲು ಬರುವುದಿಲ್ಲವೆಂದು ಅಲ್ಲಿಯ ವೈದ್ಯರು ಹೇಳಿದ್ದರು. ಆದರೆ ಕ್ಲಬ್ಬಿನ ಆಡಳಿತದವರು ಕೈ ತೊಳೆದುಕೊಂಡಿದ್ದರು. ಆ ಪಂದ್ಯದ ಮಧ್ಯಂತರದಲ್ಲಿ ಕ್ಲಬ್ಬಿನ ಡಾಕ್ಟರು ಲಕ್ಷ್ಮಣನ ಬಾತ ಮೊಣಕಾಲನ್ನು ನೋಡಿ, "ಆಡುವೆಯಾ?" ಎಂದು ಕೇಳಿದ್ದರು, ಅವನು "ಆಡ್ತೀನಿ" ಎಂದಿದ್ದ, ನೋವು ಮರೆಸುವ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಆಟಗಾರ ತಾನಾಗಿಯೇ ಒಪ್ಪಿದ ಮೇಲೆ ತಮ್ಮದೇನು ಹೊಣೆ ಎಂಬುದು ಅವರ ವಾದ. ಸೋಮವಾರ ಕ್ಲಬ್ಬಿನ ಕಚೇರಿಯಲ್ಲಿ ಅದರ ವಿಚಾರಣೆ; ಮನವಿಪತ್ರವನ್ನು ಓದಬೇಕಾದುದು ಅಲ್ಲಿ. ಅದಕ್ಕೆ ಮುಂಚಿನ ಭಾನುವಾರ ಕ್ಯಾಂಪಿನಲ್ಲಿ ಸಂಘದ ಸಭೆ.

ನಾನು ಕಾಗದ ತೆಗೆದುಕೊಂಡು, ಬರೆಯುವ ಮೊದಲು ಕೇಳಬೇಕಾದುದನ್ನು ಕೇಳಿದೆ.

"ಮೊಣಕಾಲು ಬಾತಿದ್ದು ಲಕ್ಷ್ಮಣಗ ಕಾಣತಿತ್ತಲ್ಲ. ಮತ್ತ್ಯಾಕ ಆಡ್ತೀನಿ ಅಂದ?"

ಬೀರೇಶ ಬರಿದಾದ ಕಪ್ಪನ್ನು ಬಸಿಯ ಮೇಲೆ ಒಂದು ಸುತ್ತು ತಿರುಗಿಸಿದ. "ಅವಾ ಅನ್ನಲಿಲ್ರಿ. ನಾ ಅನ್ನಿಸಿದ್ನಿ."

"ಅಂದ್ರ?"

"ಡಾಕ್ಟರ್ ಬರೂಕಿಂತ ಮದಲ ನನ್ನ ಹಂತ್ಯಾಕ ಬೀರಪ್ಪನ ಭಂಡಾರ ಇತ್ತಲ್ರಿ, ಅದನ್ನ ಅವನ ಮೊಣಕಾಲಿಗೆ ಹಚ್ಚಿದ್ನಿ. ಹಚ್ಚಿ, ನಡಿ ಅಂದ್ನಿ."

ಅದರ ತೂಕವೇನೆಂಬುದನ್ನು ಬಲ್ಲೆ. ಅವರಿಬ್ಬರ ಊರಿನ ಕುರುಬರಲ್ಲಿ ಬೀರಪ್ಪನ ಗುಡಿಯ ಭಂಡಾರದ ಅರಿಶಿನವನ್ನು ಹಚ್ಚಿಸಿಕೊಂಡವನು ಹಿಡಿದ ಕೆಲಸದಿಂದ ಹಿಂದೆ ಸರಿದರೆ ಅದು ದೇವರಿಗೆ ಕೊಟ್ಟ ಮಾತನ್ನು ಮುರಿದಂತೆ. ಆ ಹಳದಿ ಪುಡಿ ಮೈಗೆ ತಾಗಿದ ಮೇಲೆ ಡಾಕ್ಟರು ನೂರು ಸಲ ಕೇಳಿದ್ದರೂ ಲಕ್ಷ್ಮಣನ ಬಾಯಿಂದ ಬೇರೆ ಉತ್ತರ ಬರುವಂತಿರಲಿಲ್ಲ. ಬೇರೆ ಊರಿನ ನಾಯಕನಾಗಿದ್ದರೆ ಬೈಯುತ್ತಿದ್ದ, ಬೇಡುತ್ತಿದ್ದ. ಭಂಡಾರ ಹಚ್ಚಲು ಅವನ ಊರಿನವನೇ ಬೇಕಾಗಿತ್ತು.

"ನಿಮ್ಮ ಕಥೀನೂ ಹೇಳಿದ್ನಿರಿ ಮಾಸ್ತರ್" ಎಂದು ಬೀರೇಶ ತಲೆ ತಗ್ಗಿಸಿಯೇ ಮುಂದುವರಿಸಿದ. "ಮಾಯಪ್ಪ ತೋಳು ಮುರಕೊಂಡು ನಿಂತಿದ್ದಾ, ನಿಂದು ಬರೇ ಬಾತೈತಿ ಅಂದ್ನಿ. ಹತ್ತ ನಿಮಿಷಕ್ಕ ಲಕ್ಷ್ಮಣ ಬಿದ್ದಾ. ಮೊಣಕಾಲು ಮುರದ ಸಪ್ಪಳ ನನಗ ಕೇಳಸ್ತ್ರಿ."

ಹೊರಗೆ ಹಿತ್ತಲಲ್ಲಿ ಶಿವಬಸವ್ವ ಬಟ್ಟೆ ಒಗೆಯುತ್ತಿದ್ದಳು. ನಾನು ಮೂಗಿನ ಮೇಲಿನ ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ.

"ಭಂಡಾರದ ಸುದ್ದಿ ಪತ್ರದಾಗ ಬ್ಯಾಡ" ಎಂದೆ. "ಅದನ್ನ ಬರದ್ರ ಎಲ್ಲಾ ನಿನ್ನ ತಲಿಗೆ ಕಟ್ಟತಾರ. ಸಂಘ ಹುಟ್ಟೂಕಿಂತ ಮದಲ ಸಾಯತೈತಿ."

ನಾನು ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ. ಆದರೆ ಅದರ ಬೆನ್ನ ಹಿಂದೆ ಇನ್ನೊಂದು ಕಾರಣವಿತ್ತು, ಅದನ್ನು ನಾನು ಅವನಿಗೆ ಹೇಳಲಿಲ್ಲ. ಒಂದು ತಾಸು ಕುಳಿತು ಪತ್ರ ಬರೆದೆ. ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡು ಬಂದವು. "ನೋವಿನ ಗಾಂಭೀರ್ಯವನ್ನು ಅರಿಯದ ತರುಣ ಆಟಗಾರನು ಉತ್ಸಾಹದ ಭರದಲ್ಲಿ ಒಪ್ಪಿಗೆ ಇತ್ತನು" ಎಂಬ ಸಾಲನ್ನು ಬರೆದಾಗ ನನ್ನ ಬರವಣಿಗೆಯ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಬೀರೇಶ ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಹೊಸ್ತಿಲು ದಾಟುವಾಗ, "ಭಾನುವಾರ ನೀವೂ ಬರ್ರಿ. ಹಿರಿಯರು ಒಬ್ಬರು ಇರಬೇಕು" ಎಂದ.

ಭಾನುವಾರ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಆಟಗಾರರು ಕೂಡಿದರು. ಲಕ್ಷ್ಮಣ ಊರುಗೋಲು ಹಿಡಿದು ಬಂದ. ಮಡಚಲಾರದ ಕಾಲನ್ನು ಚಾಚಿ ಇಡಲು ಅವನಿಗೆ ಇನ್ನೊಂದು ಕುರ್ಚಿ ಬೇಕಾಯಿತು.

"ಲಕ್ಷ್ಯಾ ಒಬ್ಬನ ಎರಡು ಕುರ್ಚಿ ಹಿಡದಾನ. ಅಧ್ಯಕ್ಷ ಎಲ್ಲಿ ಕುಂದರಬೇಕಪಾ?" ಎಂದ ಸುಮಿತ, ತಂಡದ ವಾಚಾಳಿ. ಎಲ್ಲರೂ ನಕ್ಕರು.

"ನಿನ್ನ ತಲಿ ಮ್ಯಾಲ ಕುಂದರಸು. ಅಲ್ಲಿ ಭಾಳ ಜಾಗಾ ಖಾಲಿ ಐತಿ" ಎಂದ ಲಕ್ಷ್ಮಣ. ನಗು ಇನ್ನೊಮ್ಮೆ ಎದ್ದಿತು. ಅವನ ಮುಖದಲ್ಲಿ ಮಾತ್ರ ಅದು ಕಾಣಲಿಲ್ಲ. ಬೀರೇಶನ ಕಡೆಗೆ ಅವನು ಒಮ್ಮೆಯೂ ನೋಡಿರಲಿಲ್ಲ.

ಬೀರೇಶ ಎದ್ದು ನಿಂತು ಪತ್ರ ಓದತೊಡಗಿದ. ಮೊದಲ ಪುಟ ಸರಾಗವಾಗಿ ಸಾಗಿತು. ನಾನು ಮೆಚ್ಚಿಕೊಂಡಿದ್ದ ಸಾಲು ಬಂತು.

"ತಡಿ" ಎಂದ ಲಕ್ಷ್ಮಣ. "ಯಾರು ಅರೀಲಿಲ್ಲ?"

ಬೀರೇಶ ಓದುವುದನ್ನು ನಿಲ್ಲಿಸಿದ.

"ನನಗ ಗೊತ್ತಿತ್ತು. ಆಗೂದಿಲ್ಲ ಅಂದಿದ್ನಿ. ಒಂದ ಸಲ ಅಲ್ಲ, ಎರಡು ಸಲ ಅಂದ್ನಿ. ನೀ ಭಂಡಾರ ಹಚ್ಚೂಕಿಂತ ಮದಲ ಅಂದ್ನಿ. ಅದು ಎಲ್ಲೈತಿ ಈ ಪತ್ರದಾಗ? ಇದರಾಗ ನಾ ಹುಚ್ಚ ಆಗೇನಿ, ನೀವೆಲ್ಲಾ ಶ್ಯಾಣ್ಯಾರಾಗೀರಿ."

ಆಗ ಬೀರೇಶ ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟ. ನನ್ನ ಮನೆಯಲ್ಲಿ ಹೇಳಿದುದನ್ನೆಲ್ಲ, ಒಂದು ಮಾತೂ ಬಿಡದೆ, ಹದಿಮೂರು ಜನರೆದುರು ಹೇಳಿದ. ಕೋಣೆಯಲ್ಲಿ ಗದ್ದಲವೆದ್ದಿತು. ಸುಮಿತ ಕುರ್ಚಿಯಿಂದ ಎದ್ದೇಬಿಟ್ಟಿದ್ದ.

"ನಾಳಿ ಇದನ್ನ ಓದಿದ್ರ ನಾವ ಅವರ ಕೈಯಾಗ ಕೊಳ್ಳಿ ಕೊಟ್ಟಂಗ! ಕ್ಲಬ್ಬಿನ ತಪ್ಪಲ್ಲ, ಕ್ಯಾಪ್ಟನ್ನಿಂದು ಅಂತಾರ. ಇಂಥಾ ಅಧ್ಯಕ್ಷನ್ನ ಇಟ್ಟಕೊಂಡು ಎಲ್ಲಿ ನ್ಯಾಯ ಕೇಳೂಣು?"

ನಾನು ಹಿರಿಯನೆಂದು ಕುಳಿತಿದ್ದೆ. ಗದ್ದಲ ತಗ್ಗಿಸುವುದು ನನ್ನ ಕೆಲಸವಾಗಿತ್ತು. ನಾನು ಎದ್ದು ನಿಂತದ್ದನ್ನು ಕಂಡು ಅವರು ಸುಮ್ಮನಾದರು. ನಾನು ಬುದ್ಧಿ ಹೇಳುತ್ತೇನೆಂದು ಅವರು ಎಣಿಸಿದ್ದಿರಬೇಕು.

"ಆ ಸಾಲು ಬರದಾಂವ ನಾನು" ಎಂದೆ. "ಹಿಂಗ ಅರ್ಧಾ ಮುಚ್ಚಿಟ್ಟು ಹೇಳೂ ಚಟ ನನಗ ನಲವತ್ಮೂರು ವರ್ಷದ್ದು."

ಆಮೇಲೆ ಹೇಳಿದೆ. ಮಾಯಪ್ಪನ ತೋಳು ಮುರಿದಾಗ ಅವನ ಬಳಿಗೆ ಮೊದಲು ಓಡಿದವನು ನಾನು. ಅವನು ಗೋಲುಗಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ಕೈ ಏಳವಲ್ದು. ನನ್ನ ಹೊರಗ ಕಳಸು" ಎಂದ. ನಾನು ನಾಯಕ. ಅವನು ಹೊರಗೆ ಹೋದರೆ ನಾವು ಹತ್ತೇ ಜನ. "ಇನ್ನೊಂದು ಕೈ ಐತಲ್ಲ" ಎಂದೆ. ಹಾಗೆಂದು ಅವನ ಬಲಗೈ ಹಿಡಿದು ಎಬ್ಬಿಸಿ ನಿಲ್ಲಿಸಿದೆ. ಮೂವತ್ತು ವರ್ಷ ನಾನು ಕಥೆ ಹೇಳಿದೆ. ಈ ಎರಡು ಮಾತುಗಳನ್ನು, ಅವನದನ್ನೂ ನನ್ನದನ್ನೂ, ಒಮ್ಮೆಯೂ ಹೇಳಲಿಲ್ಲ.

ಆ ತೋಳು ಮತ್ತೆಂದೂ ಭುಜದ ಮೇಲಕ್ಕೆ ಏಳಲಿಲ್ಲ. ಹೆಗಲಿಗೆ ಕಂಬಳಿ ಹಾಕಿಕೊಳ್ಳಲೂ ಮಾಯಪ್ಪನಿಗೆ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಒಂದು ಸಲ ಸಂತೆಗೆ ಬಂದವನು ಶಾಲೆಯ ಬಾಗಿಲಲ್ಲಿ ನಿಂತು ನಾನು ಮಕ್ಕಳಿಗೆ ಕಥೆ ಹೇಳುವುದನ್ನು ಕೊನೆಯವರೆಗೂ ಕೇಳಿದ್ದ. "ಚಲೋ ಹೇಳ್ತೀರಿ ಮಾಸ್ತರ್" ಎಂದಷ್ಟೇ ಹೇಳಿ ಹೋದ. ಅದುವರೆಗೂ ಅವನು ನನ್ನನ್ನು ಅಣ್ಣಾ ಎಂದೇ ಕರೆಯುತ್ತಿದ್ದ. ಈಗ ಅವನು ಬದುಕಿಲ್ಲ.

ನಾನು ಹೇಳಿ ಮುಗಿಸಿ ಕುಳಿತೆ. ಬೀರೇಶ ಹೊಸ ಕಾಗದವನ್ನು ತೆಗೆದುಕೊಂಡು ತಾನೇ ಬರೆಯಲು ಕುಳಿತ. ಅವನ ಅಕ್ಷರ ಶಾಲೆಯಲ್ಲಿದ್ದಾಗಲೂ ಚೆನ್ನಾಗಿರಲಿಲ್ಲ. ಲಕ್ಷ್ಮಣ ಎರಡು ಸಲ ಆಗುವುದಿಲ್ಲವೆಂದದ್ದು, ತಾನು ಭಂಡಾರ ಹಚ್ಚಿದ್ದು, ಡಾಕ್ಟರು ಬಾತ ಮೊಣಕಾಲನ್ನು ಮುಟ್ಟಿ ನೋಡಿಯೂ ಇಂಜೆಕ್ಷನ್ ಕೊಟ್ಟದ್ದು. ಕೊನೆಗೆ ಒಂದು ಬೇಡಿಕೆ: ಆಟಗಾರನು ಆಗುವುದಿಲ್ಲವೆಂದ ಮೇಲೆ, ನಾಯಕನೂ ಸೇರಿದಂತೆ ಯಾರೂ ಅವನನ್ನು ಎರಡನೆಯ ಸಲ ಕೇಳಕೂಡದು.

"ನನ್ನ ಪಾಲಿಂದು ನಾ ಬರದ್ನಿ" ಎಂದು ಸುಮಿತನಿಗೆ ಹೇಳಿದ. "ಇಂಜೆಕ್ಷನ್ ತುಂಬಿದ್ದು ನಾ ಅಲ್ಲ. ಅವರ ಪಾಲಿಂದು ಅವರಿಗೆ ಉಳೀತೈತಿ. ಇನ್ನ ಅಧ್ಯಕ್ಷ ಯಾರು ಬೇಕೋ ನೋಡ್ರಿ."

ಎಂಟು ಕೈಗಳು ಅವನ ಪರವಾಗಿ ಎದ್ದವು. ಸುಮಿತನೂ ಇನ್ನು ಮೂವರೂ ಎತ್ತಲಿಲ್ಲ. ಎಲ್ಲರೂ ಲಕ್ಷ್ಮಣನನ್ನು ನೋಡಿದರು.

"ನಾ ಎತ್ತೂದಿಲ್ಲ, ಬ್ಯಾಡ ಅನ್ನೂದೂ ಇಲ್ಲ" ಎಂದ ಅವನು. "ನಾಳಿ ಒಳಗ ಹೋಗಿ ಏನ ಓದ್ತಾನ, ಹೊರಗ ಕುಂತು ಕೇಳ್ತೀನಿ."

ಸೋಮವಾರ ಕ್ಲಬ್ಬಿನ ಕಚೇರಿಯ ಹೊರಗೆ ಬೆಂಚಿನ ಮೇಲೆ ನಾನೂ ಲಕ್ಷ್ಮಣನೂ ಕುಳಿತೆವು. ಕಿಟಕಿ ತೆರೆದಿತ್ತು. ಬೀರೇಶ ಒಂದೊಂದೇ ಸಾಲನ್ನು ತಡವರಿಸುತ್ತ ಓದಿದ. ಭಂಡಾರದ ಮಾತು ಬಂದಾಗ ಒಳಗೆ ಯಾರೋ ನಕ್ಕರು. ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ಲಕ್ಷ್ಮಣ ಊರುಗೋಲಿನ ಮೇಲೆ ಗದ್ದವನ್ನಿಟ್ಟು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

ಮುಕ್ಕಾಲು ತಾಸಿನ ಮೇಲೆ ಬೀರೇಶ ಹೊರಬಂದ. ನಾಯಕನ ಸ್ಥಾನ ಅಲ್ಲಿಯೇ ಹೋಗಿತ್ತು. ಈ ಸಾಲಿನ ಆಟ ಮುಗಿದ ಮೇಲೆ ಕರಾರೂ ಇಲ್ಲ. ಲಕ್ಷ್ಮಣನ ಶಸ್ತ್ರಚಿಕಿತ್ಸೆಯ ವಿಚಾರವನ್ನು ತಮ್ಮ ಡಾಕ್ಟರಿಂದ ಬರಹದಲ್ಲಿ ಹೇಳಿಕೆ ಪಡೆದು ಹದಿನೈದು ದಿನಗಳಲ್ಲಿ ತೀರ್ಮಾನಿಸುತ್ತಾರಂತೆ. ಆಸ್ಪತ್ರೆಯವರು ಕೊಟ್ಟ ಗಡುವಿಗೆ ಉಳಿದಿದ್ದುದು ಹದಿನೆಂಟು ದಿನ.

"ಹದಿನೈದನೇ ದಿನ ಮತ್ತ ಬರ್ತೀನಿ. ಸಂಘದಿಂದ" ಎಂದ ಬೀರೇಶ. ಸಂಘದ ನೋಂದಣಿಯ ಕಾಗದಗಳನ್ನು ಹಿಡಿದು ಅವನು ಕಾರ್ಮಿಕ ಇಲಾಖೆಯ ಕಡೆಗೆ ನಡೆದ. ಲಕ್ಷ್ಮಣ ಅವನನ್ನು ಕರೆಯಲಿಲ್ಲ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದ.

ಖಾನಾಪುರಕ್ಕೆ ಇಬ್ಬರೂ ರೈಲಿನಲ್ಲಿ ಹೊರಟೆವು. ಬಸ್ಸಿನಲ್ಲಿ ಅವನ ಕಾಲು ಹಿಡಿಸುತ್ತಿರಲಿಲ್ಲ. ಉದ್ದನೆಯ ಸೀಟಿನ ಮೇಲೆ ಅದನ್ನು ಚಾಚಿ, ಕಿಟಕಿಗೆ ಒರಗಿ ಕುಳಿತ. ದೇಸೂರು ದಾಟಿದೆವು. ಹೊರಗೆ ಕುಯ್ಲಿಗೆ ಬಂದ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

"ಮಾಸ್ತರ್ರ" ಎಂದ ಅವನು. "ಮಾಯಪ್ಪಂದು ಇನ್ನೊಮ್ಮೆ ಹೇಳ್ರಿ."

ಅಭ್ಯಾಸಬಲ ದೊಡ್ಡದು. ನಾನು ಗಂಟಲು ಸರಿಪಡಿಸಿಕೊಂಡು, "ಐವತ್ತೇಳನೇ ಇಸವಿ, ಡಿಸೆಂಬರ್ ತಿಂಗಳು..." ಎಂದು ಆರಂಭಿಸಿದೆ.

"ಅಲ್ಲಿಂದ ಬ್ಯಾಡ್ರಿ. ಗೋಲಿನ ಸುದ್ದಿ ಸಾಲ್ಯಾಗ ಇದ್ದಾಗ ಕೇಳೇನಿ" ಎಂದ ಲಕ್ಷ್ಮಣ. "ಅಂವಾ ಕಂಬಕ್ಕ ಬೆನ್ನ ಕೊಟ್ಟು ಕುಂತಿದ್ನಲ್ಲ. ಏನೋ ಅಂದ್ನಲ್ಲ. ಅಲ್ಲಿಂದ ಹೇಳ್ರಿ."