ಬೋರ್ಗಿಲ್ಡ್ ಆರಿಸಿದ ಅಗ್ಗದ ಪ್ಲಾನ್

ನೋರ್ಬಿ ಊರಿನ ಚರ್ಚಿನ ಹೊಲಿಗೆ ಬಳಗದಲ್ಲಿ ಬೋರ್ಗಿಲ್ಡ್ ಹೇಳಿದ್ದೇ ಕೊನೆಯ ಮಾತು. ಕೌದಿಗೆ ಯಾವ ಬಣ್ಣದ ಅಂಚು ಬೇಕು, ಸಾವಿನ ಊಟಕ್ಕೆ ಯಾರು ಮಾಂಸ ತರಬೇಕು, ಯಾರ ಅಡುಗೆ ನಂಬುವ ಹಾಗಿಲ್ಲವಾದ್ದರಿಂದ ಅವರು ಬರೀ ಬ್ರೆಡ್ ತಂದರೆ ಸಾಕು, ಎಲ್ಲವನ್ನೂ ಅವಳೇ ಗೊತ್ತುಮಾಡುತ್ತಿದ್ದಳು. ಹೀಗಾಗಿ ಆ ವರ್ಷ ಅಮೆರಿಕದ ಸರ್ಕಾರ ಮುದುಕರಿಗೆ ಕೊಡುವ ಮೆಡಿಕೇರ್ ವಿಮೆಯ ಔಷಧಿ ಪ್ಲಾನ್ ಆರಿಸುವ ಕಾಲ ಬಂದಾಗ ಅದನ್ನೂ ಅವಳೇ ಆರಿಸಿದ್ದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

"ನಾವೆಲ್ಲ ಒಂದೇ ಪ್ಲಾನ್ ತಗೊಳ್ಳೋಣ," ಎಂದಳು ಬೋರ್ಗಿಲ್ಡ್, ಕತ್ತರಿ ಕೆಳಗಿಟ್ಟು. "ತಿಂಗಳ ಕಂತು ಎಷ್ಟು ಗೊತ್ತಾ? ಒಂದು ಕಾಫಿ, ಒಂದು ಡೋನಟ್ಟಿನ ದುಡ್ಡು. ಅದಕ್ಕಿಂತ ಅಗ್ಗದ್ದು ಈ ಕೌಂಟೀಲಿ ಇಲ್ಲ. ನಾನು ಹುಡುಕಿದೀನಿ."

"ಅವರವರ ಮಾತ್ರೆ ನೋಡ್ಕೊಂಡು ತಗೋಬೇಕಂತೆ ಕಣೆ," ಎಂದಳು ಲವಾನ್ ಮೆಲ್ಲಗೆ. ಬಳಗದಲ್ಲಿ ಅವಳೇ ಚಿಕ್ಕವಳು, ಎಪ್ಪತ್ತು ತುಂಬಿರಲಿಲ್ಲ. "ಟೀವೀಲಿ ಹೇಳ್ತಿದ್ರು."

"ಎಂಥಾ ಮಾತ್ರೆ? ನಾನು ತಗೊಳ್ಳೋದು ಬೆಳಿಗ್ಗೆ ಒಂದು ಚಮಚ ಸೇಬಿನ ವಿನೆಗರು. ನೀನೇನು ತಗೋತೀಯ, ಹೇಳು ಕೇಳೋಣ."

ಲವಾನ್ ಸೂಜಿಯ ಕಡೆ ಬಗ್ಗಿದಳು. "ನಾನಾ? ಏನೂ ಇಲ್ಲಪ್ಪ."

"ಆರ್ಡಿಸ್, ನೀನು?"

"ನಂದೇನಿದೆ," ಎಂದಳು ಆರ್ಡಿಸ್.

ಬೋರ್ಗಿಲ್ಡಳ ಫೋನಿನಲ್ಲೇ, ಒಬ್ಬರಾದ ಮೇಲೆ ಒಬ್ಬರು, ಎಲ್ಲರೂ ಆ ಪ್ಲಾನಿಗೆ ಸೇರಿದರು. ಆಮೇಲೆ ಕಾಫಿ ಕುಡಿದರು.

ಆರ್ಡಿಸ್ ಸುಳ್ಳು ಹೇಳುವ ಪೈಕಿಯಲ್ಲ. ಆದರೆ ನೋರ್ಬಿಯಲ್ಲಿ ಕಾಯಿಲೆ ಬಾಯಿಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಮರ್ನಾ ಒಂದು ದಿನ ಬಾಯಿತಪ್ಪಿ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತೇನೆ ಅಂದುಬಿಟ್ಟಿದ್ದಳು. ಅದೇ ವಾರದಲ್ಲಿ ಅವಳ ಬಾಗಿಲಿಗೆ ಹಾಟ್‌ಡಿಶ್ ಬರತೊಡಗಿತು. ಮಾಂಸ, ಡಬ್ಬಿಯ ಅಣಬೆ ಸೂಪು ಕಲಸಿ, ಮೇಲೆ ಆಲೂಗಡ್ಡೆ ಉಂಡೆ ಜೋಡಿಸಿ ಬೇಯಿಸಿದ ತಟ್ಟೆಗಳು, ಒಂದರ ಮೇಲೊಂದು, ಫ್ರಿಜ್ಜಿನ ಬಾಗಿಲು ಮುಚ್ಚದಷ್ಟು. ಹಾಟ್‌ಡಿಶ್ ಹಿಂದೆಯೇ ಬೋರ್ಗಿಲ್ಡ್ ಬಂದು, ಚರ್ಚಿನ ವ್ಯಾನಿನ ಬೀಗದ ಕೈಯನ್ನು ಬಹಳ ಪ್ರೀತಿಯಿಂದ ಇಸಿದುಕೊಂಡಳು. ಅಂದಿನಿಂದ ಮರ್ನಾ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಬೀಗದ ಕೈ ಆರ್ಡಿಸಳ ಪಾಲಿಗೆ ಬಂತು.

ಗಂಡ ತೀರಿಕೊಂಡ ಮೇಲೆ ಆರ್ಡಿಸಳ ದಿನಗಳಿಗೆ ಒಂದು ಆಕಾರ ಕೊಟ್ಟದ್ದು ಆ ವ್ಯಾನು. ಹಿಮದ ದಿನಗಳಲ್ಲಿ ಹೆಂಗಸರನ್ನು ಮನೆಯಿಂದ ಹತ್ತಿಸಿಕೊಂಡು ಬರುವುದು, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದು, ದಾರಿಯುದ್ದಕ್ಕೂ ಹಿಂದಿನ ಸೀಟುಗಳಿಂದ ಬರುವ ಹರಟೆ ಕೇಳುತ್ತ ಕನ್ನಡಿಯಲ್ಲಿ ಅವರ ಉಣ್ಣೆ ಟೋಪಿಗಳನ್ನು ನೋಡುವುದು. ವಸಂತದಲ್ಲಿ ಅವಳ ಎದೆಬಡಿತ ತಾಳ ತಪ್ಪತೊಡಗಿ, ಡಾಕ್ಟರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಬರೆದುಕೊಟ್ಟರು. ಗಾಡಿ ಓಡಿಸಬಹುದು ಅಂತಲೂ ಹೇಳಿದರು. ಹೇಳಿದರೇನು, ಬೋರ್ಗಿಲ್ಡ್ ಹೇಳಬೇಕಲ್ಲ.

ಮಾರನೆಯ ದಿನ ಅವಳು ಊರಿನ ಔಷಧಿ ಅಂಗಡಿಯ ಗೇಲನ್ ಹತ್ತಿರ ಹೋಗಿ, ಬೇರೆ ಗಿರಾಕಿಗಳು ಹೋಗುವ ತನಕ ಶುಭಾಶಯದ ಕಾರ್ಡು ತಿರುವುತ್ತ ನಿಂತಳು.

"ಆ ಪ್ಲಾನಲ್ಲಿ ನಿಮ್ಮ ಮಾತ್ರೆ ಕಷ್ಟ," ಎಂದ ಗೇಲನ್. "ವರ್ಷದ ಶುರುವಲ್ಲಿ ಪೂರ್ತಿ ಬೆಲೆ ನೀವೇ ಕೊಡಬೇಕು. ಆಮೇಲೂ ದೊಡ್ಡ ಪಾಲು ನಿಮ್ಮದೇ. ಏನೂ ಮಾತ್ರೆ ಇಲ್ಲದವರಿಗೆ ಅದು ಚಿನ್ನದಂಥ ಪ್ಲಾನು."

"ಹಾಗಾದ್ರೆ ಯಾವುದು ತಗೊಳ್ಳಲಿ?"

"ಅದನ್ನ ನಾನು ಹೇಳೋ ಹಾಗಿಲ್ಲ. ಪಕ್ಕದೂರು ಎಲ್ಕ್ ಪ್ರೇರಿ ಲೈಬ್ರರೀಲಿ ಮಂಗಳವಾರ ಡ್ವೇನ್ ಅಂತ ಒಬ್ಬರು ಪ್ಲಾನ್ ಹುಡುಕಿಕೊಡೋಕೆ ಕೂತಿರ್ತಾರೆ. ದುಡ್ಡು ತಗೊಳ್ಳಲ್ಲ. ಡಿಸೆಂಬರ್ ಏಳರ ತನಕ ಎಷ್ಟು ಸಲ ಬೇಕಾದ್ರೂ ಬದಲಾಯಿಸಿ. ಕೊನೇಲಿ ಆರಿಸಿದ್ದೇ ಲೆಕ್ಕ."

ಮಂಗಳವಾರ ಲವಾನ್ ಫೋನು ಮಾಡಿದಾಗ, ಎಲ್ಕ್ ಪ್ರೇರಿಗೆ ದಾರ ತರೋಕೆ ಹೋಗ್ತಿದೀನಿ ಅಂದಳು ಆರ್ಡಿಸ್. "ಓ," ಎಂದಳು ಲವಾನ್. ಆಮೇಲೆ ಹವಾಮಾನದ ಮಾತಾಡಿದಳು.

ಲೈಬ್ರರಿಯೊಳಗೆ ಕಾಲಿಟ್ಟು ಬೂಟಿನ ಹಿಮ ಒದರುತ್ತಿದ್ದ ಹಾಗೆಯೇ ಆರ್ಡಿಸಳಿಗೆ ಗೊತ್ತಿದ್ದ ದನಿಯೊಂದು ಕೇಳಿಸಿತು. ಅವಳು ಯೋಚನೆ ಮಾಡದೆ ದಪ್ಪ ಅಕ್ಷರದ ಪುಸ್ತಕಗಳ ಕಪಾಟಿನ ಹಿಂದೆ ಸರಿದಳು. ಪುಸ್ತಕಗಳ ಸಂದಿನಲ್ಲಿ ಬೋರ್ಗಿಲ್ಡಳ ನೀಲಿ ಟೋಪಿ ಕಾಣಿಸಿತು. ಮುದುಕರನ್ನು ಹತ್ತಿಸಿಕೊಂಡು ಬರುವ ಕೌಂಟಿಯ ಬಸ್ಸಿನಲ್ಲಿ ಬಂದಿರಬೇಕು. ಮೇಜಿನ ಮೇಲೆ ತನ್ನ ಕೈಚೀಲ ಬೋರಲು ಹಾಕಿದ್ದಳು. ಮಾತ್ರೆಯ ಶೀಶೆಗಳು ಉರುಳಿ ಬಂದು ಡ್ವೇನ್‌ನ ಕಂಪ್ಯೂಟರಿಗೆ ತಾಗಿ ನಿಂತಿದ್ದವು.

ಡ್ವೇನ್ ದಪ್ಪನೆಯ ಮನುಷ್ಯ, ಮೊದಲು ಅಂಚೆ ಹಂಚುತ್ತಿದ್ದವನು. ಅವನ ದನಿ ಬಲು ಮೆತ್ತಗೆ. ಬೋರ್ಗಿಲ್ಡಳ ಕಿವಿ ಬಲು ಮಂದ. ಕಿವಿಗೆ ಹಾಕುವ ಯಂತ್ರ ಮುದುಕರಿಗೆ ಅನ್ನುವುದು ಅವಳ ನಿಲುವು.

"ಇದು ಗೌಟಿಗಾ ಅಮ್ಮಾ?"

"ಏನು?"

"ಗೌಟಿಗಾ, ಕಾಲ್ಬೆರಳು ಊದೋದಕ್ಕಾ?" ಡ್ವೇನ್ ದನಿ ಏರಿಸಿದ.

"ಹೂಂ."

"ಇದು ಬಿ.ಪಿ. ಇದು ಕೊಲೆಸ್ಟ್ರಾಲು. ಇದೂ ಬಿ.ಪಿ. ಇದು ನಿದ್ದೆಗೆ. ಮತ್ತೆ ಇದು, ಪದೇ ಪದೇ ಮೂತ್ರ ಬರ್ದೇ ಇರೋಕೆ, ಅಲ್ವಾ?"

"ಮೆಲ್ಲಗೆ ಹೇಳಪ್ಪ," ಎಂದಳು ಬೋರ್ಗಿಲ್ಡ್.

ಅವಳಿಗೆ ಕೇಳಿಸಲಿಲ್ಲವೆಂದುಕೊಂಡ ಡ್ವೇನ್ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ. ಪೇಪರು ಓದುತ್ತಿದ್ದ ಒಬ್ಬ ರೈತ ಪುಟವನ್ನು ಮುಖದ ಮೇಲಕ್ಕೆ ಎತ್ತಿಕೊಂಡ. ಕಪಾಟಿನ ಹಿಂದೆ ಆರ್ಡಿಸ್ ಕೈಗವಸನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲಿಗೆ ಹೋದರೂ ಪೆಟ್ರೋಲು ಬಂಕು ಕಂಡರೆ ಸಾಕು, ಇಲ್ಲಿ ಹಣ್ಣಿನ ಪೈ ಚೆನ್ನಾಗಿರುತ್ತೆ, ನಿಲ್ಲಿಸು ಅನ್ನುತ್ತಿದ್ದಳಲ್ಲ ಇವಳು. ಪಾಪ, ಒಂದು ದಿನವೂ ಪೈ ತಿಂದದ್ದಿಲ್ಲ.

ಡ್ವೇನ್ ಸ್ವಲ್ಪ ಹೊತ್ತು ಕೀಲಿ ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿದ. "ನೋಡಿ ಅಮ್ಮಾ. ನೀವು ತಗೊಂಡಿರೋದು ಕಂತಿನಲ್ಲಿ ಅಗ್ಗ. ಆದ್ರೆ ಈ ಮಾತ್ರೆಗಳು ಅಗ್ಗಕ್ಕೆ ಸಿಗೋದು ಅವರು ಗೊತ್ತುಮಾಡಿರೋ ಅಂಗಡೀಲಿ ಮಾತ್ರ. ನಿಮಗೆ ಹತ್ತಿರದ್ದು ಗ್ರಾಂಟ್‌ವುಡ್ಡಲ್ಲಿದೆ. ನಿಮ್ಮೂರಲ್ಲೇ ತಗೊಂಡ್ರೆ ಕಂತಲ್ಲಿ ಉಳಿಸಿದ್ದೆಲ್ಲ ಅಲ್ಲಿ ಕಳ್ಕೋತೀರಿ. ಅಂಚೇಲಿ ತರಿಸ್ಕೊಳ್ಳೋದೂ ಉಂಟು."

"ಅಂಚೆ ಬೇಡ. ಅಂಚೆ ತರೋಳು ನಮ್ಮ ಬಳಗದ ಯೂನಿಸ್‌ಳ ಸೊಸೆ. ಡಬ್ಬಿ ಅಲ್ಲಾಡಿಸಿ ನೋಡ್ತಾಳೆ."

"ಗ್ರಾಂಟ್‌ವುಡ್ಡು ಒಂದು ಗಂಟೆ ದಾರಿ ಅಮ್ಮಾ. ತಿಂಗಳು ತಿಂಗಳೂ ಹೋಗಬೇಕಲ್ಲ."

"ಆರ್ಡಿಸ್ ಕರ್ಕೊಂಡು ಹೋಗ್ತಾಳೆ," ಎಂದಳು ಬೋರ್ಗಿಲ್ಡ್ ನಿಶ್ಚಿಂತೆಯಿಂದ. "ಬಟ್ಟೆ ತರೋಕೆ ಅಂದ್ರಾಯ್ತು. ಮಾತ್ರೆ ವಿಷಯ ಅವಳಿಗೆ ಯಾಕೆ? ಕುದುರೆ ಇದ್ದ ಹಾಗೆ ಇದಾಳೆ ಅವಳು, ಒಂದು ಮಾತ್ರೆ ಮುಟ್ಟಿದೋಳಲ್ಲ. ಇನ್ನೂ ಇಪ್ಪತ್ತು ವರ್ಷ ಗಾಡಿ ಓಡಿಸ್ತಾಳೆ. ಅಗ್ಗದ್ದೇ ಇರಲಿ ಬಿಡು."

ಆರ್ಡಿಸಳ ನಗು ನಿಂತಿತು.

ಮೆಲ್ಲಗೆ ಹೊರಗೆ ಜಾರಿಕೊಳ್ಳಬಹುದಿತ್ತು. ಬಾಗಿಲು ಹತ್ತಿರದಲ್ಲೇ ಇತ್ತು. ಜಾರಿಕೊಂಡರೆ ಬೀಗದ ಕೈ ತನ್ನಲ್ಲೇ ಉಳಿಯುತ್ತದೆ, ಮೇಲಾಗಿ ಬೋರ್ಗಿಲ್ಡಳ ಆರು ಶೀಶೆಯ ಗುಟ್ಟೂ ತನ್ನ ಕೈಯಲ್ಲಿರುತ್ತದೆ. ಆದರೆ ಈ ಹೆಂಗಸು ತನ್ನ ಒಂದು ವರ್ಷದ ಔಷಧಿಯನ್ನು ಆರ್ಡಿಸಳ ಎದೆಬಡಿತದ ಮೇಲೆ ಕಟ್ಟುತ್ತಿದ್ದಾಳೆ, ಅದು ಹೇಗೆ ಬಡಿಯುತ್ತದೆ ಅನ್ನುವುದೇ ತಿಳಿಯದೆ. ಜನವರಿಯ ಮಂಜುಗಡ್ಡೆಯ ದಾರಿ, ಒಂದು ಗಂಟೆ ಹೋಗುವುದು, ಒಂದು ಗಂಟೆ ಬರುವುದು.

ಆರ್ಡಿಸ್ ಕಪಾಟಿನ ಹಿಂದಿನಿಂದ ಬಂದು ಮೇಜಿನ ಪಕ್ಕ ನಿಂತಳು. ಬೋರ್ಗಿಲ್ಡ್ ಕುತ್ತಿಗೆಯ ಶಾಲು ಕಿತ್ತು ಶೀಶೆಗಳ ಮೇಲೆ ಎಸೆದಳು.

"ಎಷ್ಟು ಹೊತ್ತಾಯ್ತು ನೀನು ಬಂದು?"

"ಗೌಟಿನ ಹೊತ್ತಿಗೆ ಬಂದೆ."

"ಹಾಗಾದ್ರೆ ಎಲ್ಲಾ ಕೇಳಿಸ್ಕೊಂಡೆ."

"ಲೈಬ್ರರಿ ಪೂರ್ತಿ ಕೇಳಿಸ್ಕೊಂಡಿದೆ ಕಣೆ," ಎಂದು ಆರ್ಡಿಸ್ ತನ್ನ ಶೀಶೆಯನ್ನು ಕೋಟಿನ ಜೇಬಿನಿಂದ ತೆಗೆದು ಶಾಲಿನ ಪಕ್ಕದಲ್ಲಿಟ್ಟಳು. "ನನ್ನನ್ನ ಕುದುರೆ ಅಂತ ಬರೆಸೋಕೆ ಮುಂಚೆ ಇದನ್ನ ನೋಡು."

ಬೋರ್ಗಿಲ್ಡ್ ಶೀಶೆಯನ್ನು ಕಣ್ಣಿನ ಹತ್ತಿರ ಹಿಡಿದಳು. "ಇದು ಹೃದಯದ್ದು. ನನ್ನ ಗಂಡ ಕ್ಲಾರೆನ್ಸ್ ತಗೋತಿದ್ದ."

"ಹೂಂ."

"ಗಾಡಿ ಓಡಿಸಬಹುದು ಅಂದ್ರಾ ಡಾಕ್ಟರು?"

"ಅಂದ್ರು."

"ತಲೆ ತಿರುಗಿದ್ದುಂಟಾ?"

ಇಲ್ಲ ಅನ್ನುವುದು ಸುಲಭವಿತ್ತು. "ಒಂದು ಸಲ. ಜುಲೈಲಿ, ಬೀನ್ಸ್ ಕೀಳ್ತಾ ಬಗ್ಗಿದ್ದೋಳು ಎದ್ದಾಗ. ಗಾಡೀಲಿ ಯಾವತ್ತೂ ಇಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೀಗದ ಕೈ ಇಸ್ಕೊಂಡು ಹಾಟ್‌ಡಿಶ್ ಕೊಡ್ತಿದ್ದೆ. ಮರ್ನಾಗೆ ಮಾಡಿದ ಹಾಗೆ."

"ಮರ್ನಾ ಅದು ಬಹಳ ಚೆನ್ನಾಗಿತ್ತು ಅಂದಳಲ್ಲ."

"ಅವಳ ನಾಯಿ ಹಾಗಂತು."

ಅಷ್ಟರಲ್ಲಿ ಬಾಗಿಲು ತೆರೆದು ಲವಾನ್ ಒಳಗೆ ಬಂದಳು. ಬಗಲಲ್ಲಿ ಒಂದು ಕಂದು ಕಾಗದದ ಚೀಲ, ಹೆಜ್ಜೆಗೊಮ್ಮೆ ಗಲಗಲ ಅನ್ನುತ್ತಿತ್ತು. ಮೇಜಿನ ಹತ್ತಿರ ನಿಂತಿದ್ದ ಇಬ್ಬರನ್ನೂ ನೋಡಿ ನಿಂತಲ್ಲೇ ನಿಂತಳು.

"ದಾರ ತಗೊಳ್ಳೋಕೆ ಬಂದೆ," ಎಂದಳು.

"ಕೂತ್ಕೋ," ಎಂದಳು ಬೋರ್ಗಿಲ್ಡ್. "ನಮ್ಮದಾದ ಮೇಲೆ ನಿನ್ನ ದಾರ."

ಡ್ವೇನ್ ಒಬ್ಬೊಬ್ಬರದೇ ಮತ್ತೆ ಹುಡುಕಿದ. ಬೋರ್ಗಿಲ್ಡಳಿಗೆ ಕಂತು ಸ್ವಲ್ಪ ಹೆಚ್ಚಾದರೂ ಗೇಲನ್ ಅಂಗಡಿಯಲ್ಲೇ ಅಗ್ಗಕ್ಕೆ ಸಿಗುವ ಒಂದು ಪ್ಲಾನ್ ಸಿಕ್ಕಿತು. ವರ್ಷದ ಒಟ್ಟು ಖರ್ಚು ನೋಡಿದರೆ ಕಾಫಿ-ಡೋನಟ್ಟಿನ ಪ್ಲಾನಿಗಿಂತ ಇದೇ ಮೇಲು. ಆರ್ಡಿಸಳದು ಬೇರೆಯೇ ಒಂದು ಕಂಪನಿಯದು.

"ಇಬ್ಬರಿಗೂ ಒಂದೇ ಬರಲ್ವಾ?" ಎಂದು ಬೋರ್ಗಿಲ್ಡ್ ಬೇಸರದಿಂದ ಕೇಳಿದಳು.

"ಇಲ್ಲಮ್ಮಾ. ಹಲ್ಲಿನ ಸೆಟ್ಟಿದ್ದ ಹಾಗೆ ಇದು. ಒಬ್ಬರದು ಇನ್ನೊಬ್ಬರಿಗೆ ಕೂರಲ್ಲ."

ಬೋರ್ಗಿಲ್ಡ್ ಬಸ್ಸಿಗೆ ಕಾಯಲಿಲ್ಲ, ಆರ್ಡಿಸಳ ಕಾರಿನಲ್ಲೇ ಬಂದಳು. ದಾರಿಯುದ್ದಕ್ಕೂ ಬೋರ್ಗಿಲ್ಡ್ ರಸ್ತೆ ನೋಡದೆ ಗಾಡಿ ಓಡಿಸುವ ಕೈಗಳನ್ನೇ ನೋಡುತ್ತಿದ್ದಾಳೆ ಅನ್ನುವುದು ಆರ್ಡಿಸಳಿಗೆ ತಿಳಿಯಿತು. ಆರ್ಡಿಸ್ ಸ್ಟೀರಿಂಗನ್ನು ಮೊದಲ ದಿನ ಕಲಿಯುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು, ತಿರುವಿಗೆ ಎಷ್ಟೋ ಮುಂಚೆಯೇ ದೀಪ ಮಿನುಗಿಸಿದಳು. ಹಿಂದಿದ್ದ ಲಾರಿಯವನು ಹಾರ್ನು ಬಾರಿಸಿದ. ಮನೆ ಬಾಗಿಲಲ್ಲಿ ಇಳಿದು ಬೋರ್ಗಿಲ್ಡ್ ಅಂದದ್ದು ಇಷ್ಟೇ: "ಬೀಗದ ಕೈ ವಿಷಯ ಗುರುವಾರ ಬಳಗ ಸೇರಿದಾಗ ಹೇಳ್ತೀನಿ."

ಗುರುವಾರದ ತನಕ ಆರ್ಡಿಸಳಿಗೆ ಯಾವ ಕೆಲಸವೂ ಕೈಹತ್ತಲಿಲ್ಲ. ಅಂದು ಬೆಳಿಗ್ಗೆ ಎಲ್ಲರನ್ನೂ ಸುಮ್ಮನೆ ಹತ್ತಿಸಿಕೊಳ್ಳುವ ಬದಲು, ಒಬ್ಬೊಬ್ಬರ ಮನೆ ಮುಂದೆಯೂ ವ್ಯಾನು ನಿಲ್ಲಿಸಿ, ಕೆಳಗಿಳಿದು, ತಾನೇ ಹೇಳಿದಳು. ನನ್ನ ಎದೆ ಹೀಗಿದೆ, ಈ ಮಾತ್ರೆ ತಗೋತೀನಿ, ಡಾಕ್ಟರು ಹೀಗಂದಿದ್ದಾರೆ, ಹತ್ತೋದಾದ್ರೆ ಹತ್ತಿ. ಯೂನಿಸ್ ಹತ್ತಿದಳು. ಮರ್ನಾ ಹತ್ತಿ ಏನೂ ಮಾತಾಡದೆ ಹಿಂದೆ ಹೋಗಿ ಕೂತಳು. ಲವಾನ್ ಅಂತೂ ತನ್ನ ಥೈರಾಯ್ಡಿನಿಂದ ಶುರುಮಾಡಿ ಮೆಟ್ಟಿಲ ಮೇಲೇ ಎಲ್ಲಾ ಹೇಳತೊಡಗಿದಳು, ಹಿಂದಿನಿಂದ ಯೂನಿಸ್ ಕೈಹಿಡಿದು ಎಳೆದುಕೊಳ್ಳಬೇಕಾಯಿತು.

ಬೋರ್ಗಿಲ್ಡ್ ಕಟ್ಟಕಡೆಯವಳು. ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡಿದಳು. "ಹೇಳಿಬಿಟ್ಲಾ ಇವಳು?"

"ಹೇಳಿದಳು," ಎಂದಳು ಯೂನಿಸ್. "ನಿನ್ನ ವಿನೆಗರ್ ಹೇಗಿದೆ?"

ಬೋರ್ಗಿಲ್ಡ್ ಅದನ್ನು ಕೇಳಿಸಿಕೊಳ್ಳದವಳ ಹಾಗೆ ತನ್ನ ಸೀಟಿನಲ್ಲಿ ಕೂತು ಕೈಚೀಲ ಮಡಿಲಲ್ಲಿಟ್ಟುಕೊಂಡಳು. "ಮೊದಲನೇದು, ಪ್ಲಾನು. ನಾನು ಆರಿಸಿದ್ದು ಅಗ್ಗದ್ದೇ. ಆದ್ರೆ ಅವರವರು ಅವರವರ ಶೀಶೆ ಹಿಡ್ಕೊಂಡು ಡ್ವೇನ್ ಹತ್ರ ಹೋಗಿ. ಎರಡನೇದು, ಬೀಗದ ಕೈ ಆರ್ಡಿಸ್ ಹತ್ರಾನೇ ಇರಲಿ. ತಲೆ ತಿರುಗಿದ್ರೆ ಅವಳೇ ಹೇಳಬೇಕು. ಮೂರನೇದು, ಹೇಳಿದೋರ ಮನೆಗೆ ಯಾರೂ ತಟ್ಟೆ ಹೊತ್ಕೊಂಡು ಹೋಗಕೂಡದು. ಹೆದರಿಕೊಂಡು ಯಾರೂ ಏನೂ ಹೇಳಲ್ಲ ಆಮೇಲೆ."

ಆರ್ಡಿಸ್ ಉಸಿರು ಬಿಟ್ಟು ಕೀಲಿ ತಿರುಗಿಸಲು ಹೋದಳು.

"ಹಾಗಾದ್ರೆ ನನ್ನ ಕೈಯಿಂದ ಯಾಕೆ ಕಿತ್ಕೊಂಡ್ರಿ?" ಎಂದಳು ಮರ್ನಾ ಹಿಂದಿನಿಂದ.

ಎಲ್ಲರೂ ಬೋರ್ಗಿಲ್ಡಳ ಕಡೆ ನೋಡಿದರು. ಬೋರ್ಗಿಲ್ಡ್ ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ಒಂದು ಬೋಳು ಮರ, ಅದರ ಕೆಳಗೆ ಹಿಮ, ಅಷ್ಟೇ ಇತ್ತು.

"ಸಕ್ಕರೆ ಮಾತ್ರೆ ಅದು, ಸಾರಾಯಿ ಅಲ್ಲ," ಎಂದಳು ಮರ್ನಾ. "ನನ್ನ ಡಾಕ್ಟರೂ ಓಡಿಸಬಹುದು ಅಂದಿದ್ರು. ಯಾರೂ ಕೇಳ್ಲಿಲ್ಲ."

ಆರ್ಡಿಸ್ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. ಈಗಷ್ಟೇ ತನ್ನದೆಂದು ಗಟ್ಟಿಯಾದ ಬೀಗದ ಕೈ ಬೆರಳಲ್ಲಿ ಬೆಚ್ಚಗಿತ್ತು. ಇನ್ನೊಂದು ನಿಮಿಷ ಹಾಗೇ ಹಿಡಿದುಕೊಂಡಿದ್ದರೆ ಬಿಡುವ ಮನಸ್ಸು ಬರುತ್ತಿರಲಿಲ್ಲ. ಅವಳು ಕೆಳಗಿಳಿದು ಹಿಮದಲ್ಲಿ ಸುತ್ತಿ ಬಂದು ಪಕ್ಕದ ಬಾಗಿಲು ತೆರೆದು ಬೀಗದ ಕೈ ಮರ್ನಾಳತ್ತ ಚಾಚಿದಳು.

"ಒಂದು ವಾರ ನೀನು, ಒಂದು ವಾರ ನಾನು. ಬಾ ಮುಂದೆ."

ಮರ್ನಾ ಮುಂದೆ ಬಂದು ಓಡಿಸುವ ಸೀಟನ್ನು ಜರುಗಿಸಿ, ಕನ್ನಡಿ ತಿರುಗಿಸಿ, ಟೋಪಿ ಸರಿಮಾಡಿಕೊಂಡು ಹೊರಟಳು. ಹಿಂದೆ ಲವಾನ್ ತನ್ನ ಥೈರಾಯ್ಡನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು. ಯೂನಿಸ್‌ಳ ಮಂಡಿ ಬಂತು, ಬೋರ್ಗಿಲ್ಡಳ ಗೌಟು ಬಂತು, ಮೂರು ಬಾಯಿಗಳೂ ಒಟ್ಟಿಗೆ ಮಾತಾಡತೊಡಗಿದವು. ಆರ್ಡಿಸಳಿಗೆ ಒಂದೂ ಕೇಳಿಸಲಿಲ್ಲ. ಚರ್ಚು ಮುಟ್ಟುವ ತನಕ ಅವಳು ಪಕ್ಕದ ಸೀಟಿನಲ್ಲಿ ಬಲಗಾಲಿನಿಂದ ಇಲ್ಲದ ಬ್ರೇಕನ್ನು ತುಳಿಯುತ್ತ ಕೂತಿದ್ದಳು.