ಉಸಿರು ಸಾಲದ ಸೊಲ್ಲು

ಅಕ್ಕಿಹೆಬ್ಬಾಳಿನ ಕೋಲಾಟದ ತಂಡಕ್ಕೆ ಸೊಲ್ಲೆತ್ತುವವನು ಚಿಕ್ಕಸಿದ್ದಯ್ಯ. ಅವನು ಒಂದು ಸಾಲು ಹಾಡಿದರೆ, ಸುತ್ತ ನಿಂತವರು ಅದನ್ನೇ ಹಾಡುತ್ತ ಕೋಲು ಹೊಡೆಯುತ್ತಾರೆ. ಈ ಸಲ ಪಾಂಡವಪುರದ ಸ್ಪರ್ಧೆಗೆ ಹೊಸ ಪದ ಬೇಕು ಎಂದಾಗ ಸೊಸೆ ಹೇಮ ತಾನೇ ಕಟ್ಟಿಕೊಟ್ಟಳು. ಹೊಳೆ, ಕಬ್ಬಿನ ಗದ್ದೆ, ರೈಲು ಎಲ್ಲ ಅದರಲ್ಲಿದ್ದವು. ಸಾಲು ಸಾಲಿನ ಎರಡನೆಯ ಅಕ್ಷರ ಒಂದಕ್ಕೊಂದು ಕೂಡುವಂತೆ ಪ್ರಾಸ ಹಿಡಿದಿದ್ದಳು. ಪದ ಒಪ್ಪಿಗೆಯಾದರೆ ತಂಡದ ಜೊತೆ ತಾನೂ ಹೋಗಬೇಕೆಂದು ಅವಳ ಆಸೆ.

ದೇವಸ್ಥಾನದ ಮುಂದೆ ಮೊದಲ ಸಲ ಹಾಡಿದಾಗ ಸಾಲಿನ ನಡುವೆ ತಾಳ ಕೆಟ್ಟಿತು. ತಂಡದ ಸೋಮಯ್ಯನ ಬೆರಳಿಗೆ ಎದುರಿನವನ ಕೋಲಿನ ಏಟು ಬಿತ್ತು.

“ಕೋಲಾಟ ಆಡ್ತಿದ್ದೀವೋ, ಬಡ್ದಾಡ್ತಿದ್ದೀವೋ?” ಎಂದು ಅವನು ಬೆರಳನ್ನು ಬಾಯಿಗಿಟ್ಟುಕೊಂಡ.

ಎಲ್ಲರೂ ನಕ್ಕರು. ಚಿಕ್ಕಸಿದ್ದಯ್ಯನಿಗೆ ನಗು ಬರಲಿಲ್ಲ. ಜಗಲಿಯ ಮೇಲೆ ಹೆಂಗಸರ ನಡುವೆ ಕೂತಿದ್ದ ಸೊಸೆಯ ಕಡೆ ತಿರುಗಿ, “ಪ್ರಾಸ ಕೂಡ್ಸುದ್ರೆ ಪದ ಆಯ್ತದಾ? ನಡೆನೇ ಇಲ್ವಲ್ಲವ್ವಾ ಇದ್ಕೆ. ಕುಂಟ್ತದೆ,” ಎಂದ.

ಹೇಮ ಎದ್ದು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಗದ್ದೆಗೆ ನೀರು ಕಟ್ಟುತ್ತ ಅವನು ಅದೇ ಪದವನ್ನು ತೊಡೆ ತಟ್ಟಿಕೊಂಡು ಮೆಲ್ಲಗೆ ಹೇಳಿಕೊಂಡ. ಎಲ್ಲೂ ಕುಂಟಲಿಲ್ಲ. ಗಂಟಲೆತ್ತಿ ಹಾಡಿದ. ನಿನ್ನೆಯ ಜಾಗದಲ್ಲೇ ಉಸಿರು ಮುಗಿಯಿತು. ಕೈ ಮುಂದೆ ಹೋಯಿತು, ಬಾಯಿ ಹಿಂದೆ ಉಳಿಯಿತು. ಹಳೆಯ ಪದಗಳಲ್ಲಾದರೆ ಸಾಲಿನ ನಡುವೆ ಎಲ್ಲರೂ ‘ಕೋಲೇ’ ಎಂದು ಕೂಗುತ್ತಾರೆ. ಆ ಸಂದಿನಲ್ಲಿ ಅವನು ಉಸಿರು ಎಳೆದುಕೊಳ್ಳುತ್ತಿದ್ದ. ಹೇಮಳ ಪದದಲ್ಲಿ ಅಂಥ ಸಂದಿರಲಿಲ್ಲ, ಮಾತುಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಕುಂಟಿದವನು ತಾನೇ. ನೀರು ಬದು ದಾಟಿ ಹೋಗುತ್ತಿದ್ದರೂ ಗುದ್ದಲಿ ಎತ್ತಲು ಅವನಿಗೆ ಕೈ ಬರಲಿಲ್ಲ.

ಸಂಜೆ ತಂಡದವರಿಗೆ ಹೇಳಿದ: “ಪದ ಸರ್ಯಾಗದೆ ಕಣ್ರಲಾ. ನಂಗೇ ಉಸ್ರು ಸಾಲ್ದು. ಕೃಷ್ಣ ಸೊಲ್ಲೆತ್ಲಿ.”

“ಇದ್ನ ನೆನ್ನೆನೇ ಯೋಳಿದ್ರೆ ನಿನ್ ಗಂಟೋಯ್ತಿತ್ತಾ?” ಎಂದ ಸೋಮಯ್ಯ.

ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನಾದ ಕೃಷ್ಣ ಸೊಲ್ಲೆತ್ತಿದ. ಕೋಲುಗಳೆಲ್ಲ ಒಂದೇ ಸದ್ದಾಗಿ ಬಿದ್ದವು. ಜಗಲಿಯ ಮೇಲೆ ಹೇಮ ಇರಲಿಲ್ಲ.

ಚಿಕ್ಕಸಿದ್ದಯ್ಯ ಮನೆಗೆ ಬಂದಾಗ ಅವಳು ಒಲೆಯ ಮುಂದೆ ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು.

“ನಾಡಿದ್ದು ವ್ಯಾನು ಬತ್ತದೆ. ನೀನೂ ಬಾ,” ಎಂದ.

“ಪದ ಕುಂಟ್ತದಲ್ಲ ಮಾವ.”

“ಇಲ್ಲ ಕಣವ್ವಾ. ಎಲ್ರಿಗೂ ಯೋಳ್ಬುಟ್ಟು ಬಂದೆ.”

“ಎಲ್ರಿಗೂ ಯೋಳಿದ್ರಿ.” ಅವಳ ಕೈ ನಿಂತಿತು. “ನಂಗೆ?”

ಅವನು ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಹಿಟ್ಟು ತಳ ಹಿಡಿದು ಸೀದ ವಾಸನೆ ಏಳತೊಡಗಿತು. ಹೇಮ ತಿರುವಲಿಲ್ಲ, ಕಾಯುತ್ತಿದ್ದಳು.