ಮಖಮಲ್ಲಿಗೆ ಕತ್ತರಿ

ನಾಟಕಶಾಲೆಯ ಹೊಸ ಪರದೆಗೆಂದು ಕಡುಗೆಂಪು ಮಖಮಲ್ಲು ಕೊನೆಗೂ ಅಂಗಡಿಗೆ ಬಂತು. ಕತ್ತರಿಯಮ್ಮನ ಸಂಭ್ರಮ ಹೇಳತೀರದು. ಬೀದಿಯವರೆಲ್ಲ ಹಾಗೆಂದೇ ಕರೆಯುವ ಈ ಹಿರಿಯ ದರ್ಜಿಗೆ ಇಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಇದೇ ಮೊದಲು. ಮೇಜಿನ ಮೇಲೆ ಬಟ್ಟೆ ಹಾಸಿದರು. ಅದರ ನವಿರಾದ ಎಳೆಗಳೆಲ್ಲ ಒಂದೇ ಕಡೆಗೆ ಬಾಗಿವೆಯೇ ಎಂದು ಅಂಗೈಯಿಂದ ಸವರಿ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕತ್ತರಿ ಎತ್ತಿಕೊಂಡದ್ದೇ ತಡ, ಹಾಳಾದ್ದು ಕೈ ನಡುಗತೊಡಗಿತು.

ನಡುಗಿದರೆ ಅಂಚು ಕೆಟ್ಟಂತೆಯೇ. ಈ ಬಣ್ಣದ ಇನ್ನೊಂದು ಥಾನು ಗಿರಣಿಯಲ್ಲೇ ಇರಲಿಲ್ಲ. ರೋಗವೇನೂ ಇಲ್ಲ, ಗಾಬರಿಯಾದಾಗ ಹೀಗಾಗುತ್ತದೆ, ಮೈ ಸಡಿಲ ಬಿಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಕತ್ತರಿ ಹಿಡಿದವರು ಕದಲಬಾರದು ಎಂದು ಕೆಲಸ ಕಲಿಸಿದ ಸೋದರಮಾವ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ, ಪುಣ್ಯಾತ್ಮ. ಕತ್ತರಿಯಮ್ಮ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಕಂಬದಂತೆ ನಿಂತರು. ನಡುಕ ಇನ್ನಷ್ಟು ಜೋರಾಯಿತು. ಇವತ್ತು ಆಗದಿದ್ದರೆ ಕತ್ತರಿಯನ್ನು ಸೊಸೆಗೇ ಒಪ್ಪಿಸಿಬಿಡುವುದೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದರು. ಅದು ನೆನಪಾಗಿ ಕಣ್ಣು ತುಂಬಿತು.

ಅಷ್ಟರಲ್ಲಿ ಒಳಕೋಣೆಯಲ್ಲಿ ಮೊಮ್ಮಗಳು ರಾಗ ತೆಗೆದಳು. ಹಲ್ಲು ಬರುತ್ತಿದ್ದ ಕೂಸು, ಬೆಳಗಿನಿಂದ ರಚ್ಚೆ. ಎತ್ತಿ ಎತ್ತಿ ಸೋತ ಸೊಸೆ ಅವಳನ್ನು ತಂದು ಅತ್ತೆಯ ಹೆಗಲಿಗೆ ದಾಟಿಸಿದಳು. ಕತ್ತರಿಯಮ್ಮ ಕತ್ತರಿ ಕೆಳಗಿಟ್ಟು ಮೆಲ್ಲಗೆ ಓಲಾಡತೊಡಗಿದರು, ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು. ಕೂಸಿನ ಬೆನ್ನು ತಟ್ಟುತ್ತಿದ್ದ ತಮ್ಮ ಕೈಯತ್ತ ಆಕೆಯ ಕಣ್ಣು ಹೋಯಿತು. ಅರೆ, ನಡುಕವೇ ಇಲ್ಲ!

ಕತ್ತರಿಯಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಕೂಸನ್ನು ಸೊಸೆಯ ತೋಳಿಗೆ ಕೊಟ್ಟರು, ಓಲಾಟ ಮಾತ್ರ ಬಿಡಲಿಲ್ಲ. ಹಾಗೆಯೇ ಮೇಜಿನ ಬಳಿ ಬಂದು, ಉಸಿರು ನಿಧಾನಕ್ಕೆ ಹೊರಬಿಡುತ್ತ ಬಟ್ಟೆಗೆ ಕತ್ತರಿ ಇಟ್ಟರು. ಮೈ ತೂಗುತ್ತಿತ್ತು, ಕೈ ಗೆರೆ ಬಿಡಲಿಲ್ಲ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಮಖಮಲ್ಲು ಸರ್ರನೆ ಎರಡಾಯಿತು. ಉಸಿರು ಬಿಗಿಹಿಡಿದು ನೋಡುತ್ತಿದ್ದವಳು ಈಗ ಸೊಸೆ.

"ಅತ್ತೆ, ಮಗು ನನ್ನ ಹತ್ರ ಇದೆ. ನೀವ್ಯಾಕೆ ಇನ್ನೂ ತೂಗ್ತಾ ಇದ್ದೀರಿ?"

"ನನ್ನೊಳಗೂ ಒಂದು ರಚ್ಚೆ ಹಿಡಿದಿತ್ತು ಕಣೇ. ಈಗ ತಾನೇ ಸುಮ್ಮನಾಗಿದೆ, ಮಾತಾಡಿಸಿ ಎಬ್ಬಿಸಬೇಡ" ಎಂದು ಪಿಸುಗುಟ್ಟಿ, ಕತ್ತರಿಯಮ್ಮ ಮುಂದಿನ ಗೆರೆಗೆ ಓಲಾಡುತ್ತ ಹೊರಟರು.